ಬಲೆಯಲ್ಲಿ ಉಳಿದ ಕೊಕ್ಕೆ

ಅಚ್ಚಿನವರ ಬೀದಿಯಲ್ಲಿ ಎದುರಿಗೆ ಸಿಕ್ಕಾಗ ಎಲ್ಲರೂ ಅವಳನ್ನು ಅಕ್ಕ ಎಂದೇ ಮಾತಾಡಿಸುತ್ತಿದ್ದರು. ಬೆನ್ನು ತಿರುಗಿಸಿದಳೋ, ಉಲ್ಟಾ ಅಕ್ಕ. ಆ ಹೆಸರನ್ನು ಮೊದಲು ಇಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅದಕ್ಕೆ ಕಾರಣವಾದ ಸುಳ್ಳನ್ನು ಅಂಗಡಿಯಿಂದ ಅಂಗಡಿಗೆ ಹಂಚಿಕೊಂಡು ಬಂದವನು ಮಾತ್ರ ಅವಳ ಒಡಹುಟ್ಟಿದ ಅಣ್ಣ. ಹತ್ತೊಂಬತ್ತು ವರ್ಷ ಅವಳು ಆ ಹೆಸರನ್ನು ಹೊತ್ತು ತಿರುಗಿದಳು.

ಆದದ್ದಾಯಿತು, ಹೊಟ್ಟೆಗೆ ಹಾಕಿಕೋ ಎಂದು ಬುದ್ಧಿ ಹೇಳಲು ಬಂದವರು ಕಡಿಮೆ ಜನ ಅಲ್ಲ. ಅವರಿಗೆಲ್ಲ ಅವಳದು ಒಂದೇ ಉತ್ತರ. ಹಾಕಿಕೊಳ್ಳುತ್ತೇನೆ, ಅದಕ್ಕೇನಂತೆ, ಅವನು ನಾಲ್ಕು ಜನರ ಎದುರು ನಿಂತು ಮೂರು ಮಾತು ಹೇಳಲಿ: ಫಿಲಂ ಇಟ್ಟಿದ್ದು ನಾನು. ಅಷ್ಟೇ. ಅಂಗಡಿ ಬೇಡ, ಪಾಲು ಬೇಡ, ಕೈಮುಗಿಯುವುದೂ ಬೇಡ. ಆ ಮೂರು ಮಾತು ಅವನ ಬಾಯಿಂದ ಬರುವತನಕ ತಾನು ಸಾಯುವುದೂ ಇಲ್ಲ ಎಂದು ಅವಳು ಹಟ ಹಿಡಿದಿದ್ದಳು. ಹಟ ಎಂದರೆ ಎಂಥ ಹಟ ಅಂತೀರಿ, ಒಮ್ಮೆ ಜ್ವರ ಬಂದು ಮಲಗಿದ್ದಾಗ ನೋಡಲು ಬಂದ ಅತ್ತಿಗೆಯನ್ನು ಬಾಗಿಲಲ್ಲೇ ನಿಲ್ಲಿಸಿ, ಅವನು ಬಂದಿದ್ದಾನಾ ಎಂದು ಕೇಳಿ, ಇಲ್ಲ ಅಂದದ್ದಕ್ಕೆ ಕದ ಹಾಕಿಕೊಂಡವಳು ಅವಳು.

ಅವಳ ವಾಸ, ದುಡಿಮೆ ಎರಡೂ ಒಂದೇ ಕಡೆ. ಮುಂದೆ ತಗಡಿನ ಶೆಡ್ಡು, ಹಿಂದೆ ಒಂದು ಕೋಣೆ. ಶೆಡ್ಡಿನ ನಡುವೆ ಉದ್ದನೆಯ ಮೇಜು, ಅದರ ಅಂಚಿಗೆ ಫ್ರೇಮು ಕಚ್ಚಿಸುವ ಎರಡು ತಿರುಪು. ಗೋಡೆಯುದ್ದಕ್ಕೂ ಮುದ್ರಿಸಿದ ಮಾಲು ಒಣಗಲು ತಂತಿಯ ಅಟ್ಟಣಿಗೆ. ಮೂಲೆಯಲ್ಲಿ ತೊಳೆಯುವ ತೊಟ್ಟಿ. ಅದರ ಪಕ್ಕ ಕರಿ ಪರದೆ ಇಳಿಬಿಟ್ಟ ಕತ್ತಲೆ ಗೂಡು, ಒಳಗೆ ಒಂದು ಹಳದಿ ಬಲ್ಬು. ಸೀಮೆಎಣ್ಣೆ, ಥಿನ್ನರು, ಒದ್ದೆ ಮರ ಇವು ಮೂರೂ ಸೇರಿದ ಒಂದು ವಾಸನೆ ಅಲ್ಲಿ ಸದಾ ಇರುತ್ತಿತ್ತು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಅವಳಿಗೆ ಅದಿಲ್ಲದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಸ್ಕ್ರೀನ್ ಪ್ರಿಂಟಿಂಗ್ ಎಂದರೆ ಏನೋ ಮಹಾ ವಿದ್ಯೆ ಎಂದುಕೊಂಡವರಿಗೆ ಅವಳು ನಗುತ್ತಿದ್ದಳು. ಮರದ ಚೌಕಟ್ಟಿಗೆ ಸಣ್ಣ ಕಣ್ಣಿನ ಬಲೆ ಬಿಗಿ. ಬೆರಳಲ್ಲಿ ಮೀಟಿದರೆ ಠಣ್ ಅನ್ನಬೇಕು. ಅದರ ಮೇಲೆ, ಬೆಳಕು ಬಿದ್ದರೆ ಗಟ್ಟಿಯಾಗುವ ಹಸಿರು ದ್ರಾವಣ ಸವರಿ ಕತ್ತಲೆಯಲ್ಲಿ ಒಣಗಿಸು. ಮುದ್ರಿಸಬೇಕಾದ ಚಿತ್ರವನ್ನು ಪಾರದರ್ಶಕ ಫಿಲಂ ಮೇಲೆ ದಟ್ಟ ಕಪ್ಪಿನಲ್ಲಿ ಬರೆದು, ಬಲೆಗೆ ಒತ್ತಿಟ್ಟು ಬೆಳಕು ಬಿಡು. ಕಪ್ಪು ಇದ್ದ ಕಡೆ ಬೆಳಕು ತಾಗುವುದಿಲ್ಲ, ದ್ರಾವಣ ಹಸಿಯಾಗೇ ಉಳಿಯುತ್ತದೆ, ನೀರು ಹೊಡೆದರೆ ಹರಿದುಹೋಗಿ ಬಲೆಯ ಕಣ್ಣು ತೆರೆಯುತ್ತದೆ. ಮಿಕ್ಕ ಕಡೆ ಮುಚ್ಚಿರುತ್ತದೆ. ಆಮೇಲೆ ಫ್ರೇಮನ್ನು ಬಟ್ಟೆಯ ಮೇಲೋ ಹಲಗೆಯ ಮೇಲೋ ಇಟ್ಟು, ಮೇಲೆ ಬಣ್ಣ ಸುರಿದು, ರಬ್ಬರ್ ಪಟ್ಟಿಯ ಸ್ಕ್ವೀಜಿಯಿಂದ ಒಂದೇ ಸಮನೆ ಎಳೆ. ತೆರೆದ ಕಣ್ಣುಗಳಿಂದ ಬಣ್ಣ ಕೆಳಗಿಳಿದು ಚಿತ್ರ ಮೂಡುತ್ತದೆ. ಇಷ್ಟೇ. ಆ ಒಂದೇ ಸಮನೆ ಎಳೆಯುವುದಿದೆಯಲ್ಲ, ಅದನ್ನು ಕಲಿಯಲು ಆರು ವರ್ಷ ಬೇಕು ಅಷ್ಟೇ.

ಅವಳ ಮೇಜಿನ ಮೇಲೆ ಬಾರದ ವಸ್ತುವಿಲ್ಲ. ಓಟದ ಸ್ಪರ್ಧೆಯ ಎದೆಪಟ್ಟಿ, ಆಟಗಾರರ ಅಂಗಿ, ಬಸ್ಸಿನ ಮಾರ್ಗದ ತಗಡು, ಔಷಧದ ಸೀಸೆ, ಚೀನಿ ಮಣ್ಣಿನ ಕಪ್ಪು, ಮಿಕ್ಸಿಯ ಗುಂಡಿಗಳ ಸುತ್ತ ಇರುವ ಅಂಕಿಗಳು, ಎಚ್ಚರಿಕೆಯ ಫಲಕ. ಕಾಗದದ ಯಂತ್ರಕ್ಕೆ ಹಿಡಿಸದ ದಪ್ಪದ್ದು, ಡೊಂಕಿನದ್ದು, ನುಣುಪಿನದ್ದು ಎಲ್ಲ ಅವಳ ಬಳಿಗೆ. ಯಾವ ಕೆಲಸವೇ ಬರಲಿ, ಮೊದಲ ಒಂದನ್ನು ಎಳೆದ ಮೇಲೆ ಅವಳು ಅದನ್ನು ಎತ್ತಿ ಮುಂದೆ ನೋಡಿ, ಹಿಂದೆ ನೋಡಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಗೋಣಿಚೀಲವಾದರೂ ಸರಿ, ಮೂರು ಸಲ ತಿರುವಿ ನೋಡಲೇಬೇಕು. ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಆ ಚಾಳಿ ಅವಳಿಗೆ ಹುಟ್ಟಿದ್ದು ತಕ್ಕಡಿಯ ಪ್ರಕರಣದಿಂದ.

ಆಗ ಅವಳಿಗೆ ಮೂವತ್ತು. ಅಪ್ಪನ ಅಂಗಡಿಯಲ್ಲಿ ಅಪ್ಪ, ಅಣ್ಣ, ಅವಳು ಮೂವರೂ ದುಡಿಯುತ್ತಿದ್ದರು. ಸ್ಕ್ವೀಜಿ ಹಿಡಿಯುವುದರಲ್ಲಿ ಅವಳಿಗೆ ಸರಿಸಾಟಿ ಇಡೀ ಬೀದಿಯಲ್ಲಿ ಇರಲಿಲ್ಲ, ಅಪ್ಪನೇ ಅದನ್ನು ಬಂದವರೆದುರು ಹೇಳಿಕೊಳ್ಳುತ್ತಿದ್ದರು. ಫಿಲಂ ಇಡುವುದು, ಬೆಳಕು ಬಿಡುವುದು ಇಬ್ಬರು ಮಕ್ಕಳಿಗೂ ಬರುತ್ತಿತ್ತು. ಅಡುಗೆಮನೆಯ ತಕ್ಕಡಿ ಮಾಡುವ ಕಾರ್ಖಾನೆಯಿಂದ ದೊಡ್ಡ ಕೆಲಸ ಬಂತು. ತಕ್ಕಡಿಯ ಮುಖಕ್ಕೆ ಹಾಕುವ ದುಂಡನೆಯ ಪಾರದರ್ಶಕ ಪ್ಲಾಸ್ಟಿಕ್ ಬಿಲ್ಲೆ, ಎರಡು ಸಾವಿರ, ಸುತ್ತ ಕಪ್ಪು ಅಂಕಿ, ನಡುನಡುವೆ ಕೆಂಪು ಗೆರೆ. ಅಪ್ಪ ಆ ವಾರ ಎದೆನೋವೆಂದು ಆಸ್ಪತ್ರೆ ಸೇರಿದ್ದರು. ಕಾರ್ಖಾನೆಗೆ ಹೋಗಿ ಮಾದರಿ ನೋಡಿಕೊಂಡು ಬಂದವನು ಅಣ್ಣ. ಕತ್ತಲೆ ಗೂಡಿಗೆ ಹೋಗಿ ಫಿಲಂ ಇಟ್ಟು ಫ್ರೇಮು ಸಿದ್ಧ ಮಾಡಿ ಅವಳ ಮೇಜಿಗೆ ತಂದವನೂ ಅಣ್ಣ. ಅವಳು ಎರಡು ದಿನ ನಿಂತ ಕಾಲಲ್ಲಿ ಎಳೆದಳು.

ಇಂಥ ಬಿಲ್ಲೆಗಳಿಗೆ ಮುದ್ರಣ ಹಿಂಬದಿಯಿಂದ ಆಗಬೇಕು. ಮುಂದೆ ಮುದ್ರಿಸಿದರೆ ಹಿಟ್ಟಿನ ಕೈ, ಒದ್ದೆ ಬಟ್ಟೆ ತಾಗಿ ತಿಂಗಳಲ್ಲಿ ಅಂಕಿ ಅಳಿಸಿಹೋಗುತ್ತದೆ. ಹಿಂದಿನಿಂದ ಮುದ್ರಿಸಿದ್ದು ಮುಂದಿನಿಂದ ನೇರ ಕಾಣಬೇಕಾದರೆ ಫಿಲಂ ಅನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಇಡಬೇಕು. ಅಣ್ಣ ತಿರುಗಿಸಲಿಲ್ಲ. ಹೀಗಾಗಿ ಎಳೆಯುವವಳ ಕಣ್ಣಿಗೆ ಅಂಕಿಗಳೆಲ್ಲ ನೇರವಾಗಿ, ಚೆಂದವಾಗಿ ಕಂಡವು. ಹಿಂಬದಿಯ ಕೆಲಸ ಎಂದು ಅವಳಿಗೆ ಯಾರೂ ಹೇಳಿರಲೂ ಇಲ್ಲ. ಮಾಲು ಕಾರ್ಖಾನೆಗೆ ಹೋಗಿ, ಬಿಲ್ಲೆ ತಕ್ಕಡಿಗೆ ಕೂತ ಮೇಲೆ ನೋಡಿದರೆ ಎರಡು ಸಾವಿರವೂ ಉಲ್ಟಾ. ಕಾರ್ಖಾನೆಯ ಮ್ಯಾನೇಜರು ಅಷ್ಟನ್ನೂ ಡಬ್ಬಗಳಲ್ಲಿ ತಂದು ಅಂಗಡಿಯ ಮೆಟ್ಟಿಲ ಮೇಲೆ ಸುರಿದು ಹೋದ. ಬೀದಿಯೇ ಬಂದು ನಿಂತು ನೋಡಿತು.

ಆ ಗುಂಪಿನ ಎದುರಿಗೇ ಅಣ್ಣ ಬಾಯಿ ತೆರೆದ. ಫಿಲಂ ಇಟ್ಟಿದ್ದು ಇವಳು, ನಾನು ಹೇಳಿದ್ದೆ, ಕೇಳಲಿಲ್ಲ ಎಂದ. ಅವಳು ಅಲ್ಲವೆಂದು ಕೂಗಾಡಿದಳು ನಿಜ, ಆದರೆ ಸುಳ್ಳು ಮೊದಲು ಹೊರಟಿತ್ತು, ನಿಜಕ್ಕೆ ಅದನ್ನು ಹಿಡಿಯಲಾಗಲಿಲ್ಲ. ತೋರಿಸೋಣವೆಂದರೆ ಫಿಲಂ ಇಲ್ಲ, ಅಣ್ಣ ಅದನ್ನು ಅಂದೇ ಒಲೆಗೆ ಹಾಕಿದ್ದ. ಫ್ರೇಮನ್ನು ತಿಕ್ಕಿ ತೊಳೆದು ಅಟ್ಟಕ್ಕೆ ಎಸೆದಿದ್ದ. ಆಸ್ಪತ್ರೆಯಿಂದ ಬಂದ ಅಪ್ಪ ಇಬ್ಬರ ಮಾತನ್ನೂ ಕೇಳಿಸಿಕೊಂಡರು. ಮರುದಿನ ಸಂಜೆ ಅವಳನ್ನು ಕರೆದು, ಇನ್ನು ಮೇಲೆ ಕತ್ತಲೆ ಗೂಡಿಗೆ ಕಾಲಿಡಬೇಡ ಎಂದರು. ಆಮೇಲೆ ಒಂದು ಮಾತು ಸೇರಿಸಿದರು, ಅದು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು.

"ಕೈ ಒಳ್ಳೇದು ಕಣಮ್ಮ ನಿಂದು. ಕಣ್ಣು ಸಾಲದು."

ಐದು ತಿಂಗಳಿಗೆ ಅಪ್ಪ ತೀರಿಕೊಂಡರು. ಆ ಐದು ತಿಂಗಳೂ ಗಂಜಿ ಕುಡಿಸಿದವಳು, ಕಾಲು ಒತ್ತಿದವಳು, ಬೆನ್ನು ಒರೆಸಿದವಳು ಅವಳೇ. ಒಂದು ದಿನವಾದರೂ ಅಪ್ಪ, ನೀನು ಮಾಡಿರಲಿಕ್ಕಿಲ್ಲ ಬಿಡು ಅನ್ನುತ್ತಾರೆಂದು ಕಾದಳು. ಅನ್ನಲಿಲ್ಲ. ಅವರು ನಂಬಿಕೊಂಡೇ ಹೋದರು ಎಂಬುದೇ ಅವಳ ಸಂಕಟ. ಅಪ್ಪನ ಕಣ್ಣಿಗೆ ಮಣ್ಣೆರಚಿ, ಸಾಯುವ ಮನುಷ್ಯನನ್ನು ಸುಳ್ಳಿನಲ್ಲೇ ಕಳಿಸಿದನಲ್ಲ ಈ ಪಾಪಿ ಎಂದು ಅಣ್ಣನ ಮೇಲೆ ಹಲ್ಲು ಕಡಿದಳು. ತಿಂಗಳು ತುಂಬುವುದರೊಳಗೆ ಅಣ್ಣ, ನೀನಿಲ್ಲಿದ್ದರೆ ಗಿರಾಕಿ ಬರಲ್ಲ ಎಂದು ಗೋಡೆಯ ಕಡೆ ನೋಡಿಕೊಂಡು ಹೇಳಿದ. ಅವಳು ತನ್ನ ಸ್ಕ್ವೀಜಿಯೊಂದನ್ನು ಮಾತ್ರ ಎತ್ತಿಕೊಂಡು ಹೊರಬಿದ್ದಳು.

ಇಷ್ಟಾಗಿ ಹತ್ತೊಂಬತ್ತು ವರ್ಷದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಆಟೋದಲ್ಲಿ ಬಂದಿಳಿದಳು. ಅಂಗಡಿಗೆ ಐವತ್ತು ವರ್ಷ ತುಂಬುತ್ತದಂತೆ. ಅಣ್ಣ ಈಗ ಮುದ್ರಕರ ಸಂಘದ ಅಧ್ಯಕ್ಷನಂತೆ. ಸಂಘದ ಸಭಾಂಗಣದಲ್ಲಿ ಸಮಾರಂಭ, ಬಂದವರಿಗೆಲ್ಲ ಅಪ್ಪನ ಮುಖವಿರುವ ಒಂದು ಬಟ್ಟೆ ಚೀಲ. ಅಣ್ಣನ ಅಂಗಡಿಯಲ್ಲಿ ಈಗ ಎಲ್ಲವೂ ಕಂಪ್ಯೂಟರಿನ ಯಂತ್ರ, ಆ ಒರಟು ಬಟ್ಟೆಯ ಮೇಲೆ ಅಪ್ಪನ ಮುಖ ಮಸಿ ಬಳಿದಂತೆ ಬರುತ್ತಿದೆ. ಕೈಯಲ್ಲಿ ಎಳೆಯುವವರು ಅಲ್ಲಿ ಯಾರೂ ಉಳಿದಿಲ್ಲ. ಬರುವವರೆಲ್ಲ ಹಳೇ ಕಸುಬಿನವರು, ಕಳಪೆ ಕೊಟ್ಟರೆ ಮುಖಕ್ಕೇ ಉಗಿಯುತ್ತಾರೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ ಅತ್ತಿಗೆ ಬೈಸಿಕೊಳ್ಳಲು ತಯಾರಾಗಿ ನಿಂತಳು.

ಅವಳು ಬೈಯಲಿಲ್ಲ. ಎಷ್ಟು ಚೀಲ ಎಂದು ಕೇಳಿದಳು. ಮುನ್ನೂರು. ಆಗಲಿ, ಮಾಡಿಕೊಡ್ತೀನಿ ಅಂದಳು. ಅತ್ತಿಗೆ ಎದೆ ಮೇಲೆ ಕೈ ಇಟ್ಟುಕೊಂಡು ನಿಟ್ಟುಸಿರು ಬಿಟ್ಟಳು, ಪಾಪ, ಈ ಹೆಂಗಸು ಕೊನೆಗೂ ಕರಗಿತಲ್ಲ ಎಂದುಕೊಂಡಿರಬೇಕು. ಅಟ್ಟದಲ್ಲಿದ್ದ ಮಾವನವರ ಕಾಲದ ಎಂಟು ಫ್ರೇಮುಗಳನ್ನೂ ಆಟೋದಿಂದ ಇಳಿಸಿ, ಇದರಲ್ಲೇ ಮಾಡು, ಅವರ ನೆನಪಿಗೆ ಎಂದು ಗೋಡೆಗೆ ಒರಗಿಸಿ ಹೋದಳು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವಳ ತಲೆಯಲ್ಲಿ ಯಾವ ಯೋಜನೆಯೂ ಇರಲಿಲ್ಲ. ಅಣ್ಣನ ಸಮಾರಂಭದೊಳಗೆ ಕೈ ಹಾಕಲು ಒಂದು ದಾರಿ ಸಿಕ್ಕಿತು, ಅದನ್ನು ಬಿಡಬಾರದು ಎನ್ನುವುದಷ್ಟೇ ಇತ್ತು.

ಧೂಳು ಒರೆಸುತ್ತ ಒಂದೊಂದೇ ಫ್ರೇಮನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಲೆ ಹರಿದದ್ದು ಎರಡು, ಸಡಿಲವಾದದ್ದು ಮೂರು. ಆರನೆಯದನ್ನು ಎತ್ತಿದಾಗ ಕೈ ಅಲ್ಲೇ ನಿಂತಿತು.

ಬಲೆಯನ್ನು ಎಷ್ಟೇ ತೊಳೆದರೂ ಕೆಲವೊಮ್ಮೆ ಹಳೆಯ ಚಿತ್ರದ ಕಲೆ ನೂಲಿನಲ್ಲಿ ಉಳಿದುಬಿಡುತ್ತದೆ. ಕಸುಬಿನವರು ಅದನ್ನು ನೆರಳು ಎನ್ನುತ್ತಾರೆ. ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ತೆಳು ಬೂದಿ ಬಣ್ಣ. ಆ ಬಲೆಯಲ್ಲಿ ಒಂದು ದುಂಡನೆಯ ನೆರಳಿತ್ತು, ಸುತ್ತ ಅಂಕಿಗಳು, ತಕ್ಕಡಿಯ ಮುಖ. ಮತ್ತೂ ಕಣ್ಣಿಟ್ಟು ನೋಡಿದಾಗ ನಾಲ್ಕು ಮೂಲೆಯಲ್ಲಿ ನಾಲ್ಕು ಗುರುತುಗಳು ಕಂಡವು.

ಎರಡು ಬಣ್ಣದ ಕೆಲಸದಲ್ಲಿ ಒಂದರ ಮೇಲೊಂದು ಬಣ್ಣ ಕರಾರುವಾಕ್ಕಾಗಿ ಕೂರಬೇಕೆಂದು ಫಿಲಂನ ಮೂಲೆಗಳಲ್ಲಿ ಕೂಡುವ ಗುರುತು ಹಾಕುತ್ತಾರೆ. ಮೊದಲ ಒಂದೆರಡು ಹಾಳೆ ಎಳೆದು ಹೊಂದಿಸಿಕೊಂಡ ಮೇಲೆ, ಮಾಲಿಗೆ ಬೀಳದಂತೆ ಅವಕ್ಕೆ ಟೇಪು ಅಂಟಿಸುತ್ತಾರೆ. ಆಗೆಲ್ಲ ಗುರುತನ್ನು ಪೆನ್ನಿನಲ್ಲಿ ಕೈಯಲ್ಲೇ ಬರೆಯುತ್ತಿದ್ದರು. ಅಪ್ಪ ಕಲಿಸಿದ್ದು ಪ್ಲಸ್ ಬರೆದು ಸುತ್ತ ಒಂದು ಸೊನ್ನೆ. ಅವಳು ಹಾಗೇ ಬರೆಯುತ್ತಿದ್ದಳು. ಅಣ್ಣ ಸೋಮಾರಿ, ಸೊನ್ನೆ ಬರೆಯುತ್ತಿರಲಿಲ್ಲ. ಪ್ಲಸ್ಸಿನ ಕೆಳಗೆರೆ ಎಳೆದು ಪೆನ್ನು ಎತ್ತುವಾಗ ಎಡಕ್ಕೊಂದು ಕೊಕ್ಕೆ ಎಳೆದುಬಿಡುತ್ತಿದ್ದ. ಬೀದಿಯಲ್ಲಿ ಒಬ್ಬರ ಗುರುತು ಇನ್ನೊಬ್ಬರಿಗೆ ಗೊತ್ತು, ಕೈಬರಹ ಗೊತ್ತಿರುವ ಹಾಗೆ. ಈ ಬಲೆಯ ನಾಲ್ಕು ಮೂಲೆಯಲ್ಲೂ ಕೊಕ್ಕೆ. ಕಳ್ಳ ತೊಳೆಯುವ ಅವಸರದಲ್ಲಿ ಟೇಪಿನಡಿ ಒಣಗಿದ್ದ ಬಣ್ಣವನ್ನು ಮರೆತಿದ್ದ. ಉಳಿದದ್ದಕ್ಕಿಂತ ಆ ನಾಲ್ಕು ಕೊಕ್ಕೆಗಳೇ ಢಾಳಾಗಿದ್ದವು.

ಅವಳು ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಳು ಬರುತ್ತದೇನೋ ಎಂದು ನೋಡಿದಳು, ಬರಲಿಲ್ಲ. ಬಂದದ್ದು ನಗು. ಸಿಕ್ಕಿಬಿದ್ದೆಯಲ್ಲ ಮಗನೇ ಎಂದು ಬಲೆಗೆ ಹೇಳಿ, ಎದ್ದು ಕೈ ತೊಳೆದು ಕೆಲಸಕ್ಕೆ ನಿಂತಳು.

ಮೊದಲು ಅಪ್ಪನ ಮುಖ. ಅದಕ್ಕೆ ಅಟ್ಟದ ಫ್ರೇಮುಗಳಲ್ಲೇ ಬಲೆ ಚೆನ್ನಾಗಿದ್ದ ಏಳನೆಯದನ್ನು ಆರಿಸಿದಳು. ಫೋಟೋವನ್ನು ಸಣ್ಣ ದೊಡ್ಡ ಚುಕ್ಕೆಗಳಾಗಿ ಒಡೆದು ಫಿಲಂ ಮಾಡಿಸಿದಳು. ದೊಡ್ಡ ಚುಕ್ಕೆ ಇದ್ದಲ್ಲಿ ಕಪ್ಪು, ಸಣ್ಣದಿದ್ದಲ್ಲಿ ಬೂದು, ದೂರದಿಂದ ನೋಡಿದರೆ ಜೀವಂತ ಮುಖ. ಬೆಳಕು ಒಂದು ಕ್ಷಣ ಹೆಚ್ಚಾದರೆ ಕೆನ್ನೆಯ ಚುಕ್ಕೆ ಮುಚ್ಚಿಹೋಗುತ್ತದೆ, ಕಡಿಮೆಯಾದರೆ ಮೀಸೆ ಕರಗಿಹೋಗುತ್ತದೆ. ನಾಲ್ಕು ಸಲ ಮಾಡಿ ಕೆಡಿಸಿ, ಐದನೆಯ ಸಲ ಅಪ್ಪ ಸರಿಯಾಗಿ ಬಂದರು. ಕಣ್ಣಂಚಿನ ಸುಕ್ಕು ಕೂಡ ಬಂತು. ಯಾರ ಮೇಲೆ ಎಷ್ಟೇ ಸೇಡಿರಲಿ, ಅಪ್ಪನ ಮುಖದಲ್ಲಿ ಒಂದು ಚುಕ್ಕೆ ಕಡಿಮೆಯಾಗಲೂ ಅವಳು ಬಿಡಲಿಲ್ಲ. ಅಪ್ಪ ನೋಡುವಂತಿದ್ದರೆ ಈಗ ಕಣ್ಣು ಸಾಲದು ಅನ್ನುತ್ತಿದ್ದರಾ ಎಂದು ಎಳೆಯುವಾಗ ಒಂದೆರಡು ಸಲ ಅನ್ನಿಸಿತು.

ಆಮೇಲೆ ಚೀಲದ ಹಿಂಬದಿ. ಆರನೆಯ ಫ್ರೇಮನ್ನು ಗಾಜಿನ ಮೇಲಿಟ್ಟು ಕೆಳಗಿನಿಂದ ದೀಪ ಹಾಕಿ, ನೆರಳಿನ ಮೇಲೆ ಹೊಸ ಫಿಲಂ ಹಾಸಿ, ಗೆರೆಗೆ ಗೆರೆ ಕೂಡಿಸಿ ಅದನ್ನು ನಕಲು ತೆಗೆದಳು. ತನ್ನದೊಂದು ಗೆರೆಯನ್ನೂ ಸೇರಿಸಲಿಲ್ಲ, ಅಂಕಿಗಳ ಫಿಲಂ ಅನ್ನು ಮಾತ್ರ ಬೆಳಕು ಬಿಡುವಾಗ ಬೇಕೆಂದೇ ತಿರುವಿ ಇಟ್ಟಳು. ಮುನ್ನೂರು ಚೀಲದ ಬೆನ್ನಿಗೂ ಆ ತಕ್ಕಡಿಯ ಮುಖ ಬಂತು, ಅಂದು ಗಿರಾಕಿ ಕಂಡಂತೆಯೇ ಅಂಕಿಗಳೆಲ್ಲ ಉಲ್ಟಾ, ಮೂಲೆಗೊಂದರಂತೆ ನಾಲ್ಕು ಕೊಕ್ಕೆಗಳು. ಕೊಕ್ಕೆಗಳಿಗೆ ಕೆಂಪು ಬಣ್ಣ ಹಾಕಿದಳು. ಪ್ರತಿ ಸಲ ಸ್ಕ್ವೀಜಿ ಎಳೆದಾಗಲೂ ಅವನ ಮುಖದ ಮೇಲೆ ಎಳೆದಷ್ಟು ಸುಖವಾಗುತ್ತಿತ್ತು. ಭುಜ ನೋಯಲೇ ಇಲ್ಲ.

ಚೀಲಗಳನ್ನು ಅಪ್ಪನ ಮುಖ ಮೇಲೆ ಬರುವಂತೆ ಮಡಚಿ, ಇಪ್ಪತ್ತೈದರ ಕಟ್ಟು ಮಾಡಿದಳು. ಒಯ್ಯಲು ಬಂದ ಅತ್ತಿಗೆ ಮೇಲಿನದನ್ನು ನೋಡಿ ಕಣ್ಣೀರು ಹಾಕಿಕೊಂಡಳು, ಮಾವನವರು ಎದ್ದು ಬಂದಂತಿದೆ ಎಂದಳು. ಅಣ್ಣನೂ ಮನೆಯಲ್ಲಿ ಒಂದು ಚೀಲ ಕೈಗೆತ್ತಿಕೊಂಡು ಮೆಚ್ಚಿದನಂತೆ. ತಿರುವಿ ನೋಡುವ ಬುದ್ಧಿ ಆ ಮನೆಯಲ್ಲಿ ಒಬ್ಬರಿಗೂ ಇರಲಿಲ್ಲ. ಅಂದು ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ ಬಿಡಿ.

ಸಮಾರಂಭ ಬೆಳಿಗ್ಗೆ ಹನ್ನೊಂದಕ್ಕೆ. ಅವಳು ಒಗೆದು ಇಸ್ತ್ರಿ ಮಾಡಿದ ಸೀರೆ ಉಟ್ಟು, ಹತ್ತೂವರೆಗೇ ಹೋಗಿ ಮೂರನೆಯ ಸಾಲಿನ ಅಂಚಿನಲ್ಲಿ ಕೂತಳು. ಉಗುರಿನ ಸಂದಿಯ ಕೆಂಪನ್ನು ಬೇಕೆಂದೇ ತೆಗೆದಿರಲಿಲ್ಲ. ಬೀದಿಯವರೆಲ್ಲ ಬಂದರು. ಬೋರ್ಡು ಬರೆಯುವವರು, ಬೈಂಡಿಂಗಿನವರು, ಲಗ್ನಪತ್ರಿಕೆಯವರು, ಎಲ್ಲ ಅಂಗಡಿಗೂ ನಲವತ್ತು ವರ್ಷದಿಂದ ಬಣ್ಣ ಪೂರೈಸುತ್ತಿದ್ದ ಬಣ್ಣದ ಅಜ್ಜ. ಅವಳನ್ನು ಕಂಡು ಹುಬ್ಬೇರಿಸಿದವರೇ ಎಲ್ಲ. ಅಣ್ಣ ವೇದಿಕೆಯ ಮೇಲೆ ಅಪ್ಪನ ಗುಣಗಾನ ಮಾಡುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಹೊಟ್ಟೆ ಬಂದಿತ್ತು. ನಮ್ಮ ತಂದೆ ನಿಯತ್ತಿನ ಮನುಷ್ಯ, ಒಂದು ಸುಳ್ಳು ಗೆರೆ ಎಳೆದವರಲ್ಲ ಎಂದು ಅವನು ಹೇಳುತ್ತಿರುವಾಗಲೇ ಚೀಲ ಹಂಚುವುದು ಶುರುವಾಯಿತು.

ಕಸುಬಿನವರ ಕೈಗೆ ಮುದ್ರಿಸಿದ ವಸ್ತು ಕೊಟ್ಟರೆ ಅವರು ಸುಮ್ಮನೆ ಮಡಿಲಲ್ಲಿ ಇಟ್ಟುಕೊಳ್ಳುವುದಿಲ್ಲ. ಉಗುರಿನಲ್ಲಿ ಗೀರುತ್ತಾರೆ, ಮೂಸುತ್ತಾರೆ, ಎಳೆದು ನೋಡುತ್ತಾರೆ. ಬಣ್ಣದ ಅಜ್ಜ ಮೊದಲು ಚೀಲ ತಿರುವಿದ. ಕನ್ನಡಕ ಹಣೆಗೇರಿಸಿ, ಮೂಗಿನ ಹತ್ತಿರ ಹಿಡಿದು ನೋಡಿದ. ಪಕ್ಕದವನಿಗೆ ತೋರಿಸಿದ. ಸಾಲಿನಿಂದ ಸಾಲಿಗೆ ಚೀಲಗಳು ತಿರುಗುವ ಸದ್ದು ಬಂತು, ಗುಸುಗುಸು ಎದ್ದಿತು. ಉಲ್ಟಾ ಅಂಕಿ ಕಂಡ ಕೂಡಲೇ ಹಳಬರಿಗೆಲ್ಲ ಮೆಟ್ಟಿಲ ಮೇಲೆ ಸುರಿದ ಬಿಲ್ಲೆಗಳು ನೆನಪಾಗಿದ್ದವು. ಕೆಂಪು ಕೊಕ್ಕೆ ಯಾರದೆಂದು ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಅಣ್ಣನ ಭಾಷಣ ತಡವರಿಸಿ ನಿಂತಿತು. ಅಜ್ಜ ಎದ್ದು ನಿಂತು, ಚೀಲವನ್ನು ಮೇಲೆತ್ತಿ ಹಿಡಿದು ಕೇಳಿದ.

"ಏನಪ್ಪಾ, ಇದು ನಿನ್ನ ಕೊಕ್ಕೆ ತಾನೇ? ಹಂಗಾದ್ರೆ ಆ ಹುಡುಗಿಯನ್ನ ನಾವೆಲ್ಲ ಇಷ್ಟು ವರ್ಷ ಏನಂತ ಕರೀತಾ ಬಂದ್ವಿ?"

ಅಣ್ಣ ಮೇಜಿನ ಮೇಲಿದ್ದ ಚೀಲವನ್ನು ತಿರುವಿ ನೋಡಿದ. ಜಾರಿಕೊಳ್ಳುತ್ತಾನೆ, ಯಾರೋ ಕಿಡಿಗೇಡಿಗಳ ಕೆಲಸ ಅನ್ನುತ್ತಾನೆ ಎಂದು ಅವಳು ಎಣಿಸಿದ್ದಳು, ಅದಕ್ಕೆ ಉತ್ತರವಾಗಿ ಆರನೆಯ ಫ್ರೇಮನ್ನೇ ಬಟ್ಟೆಯಲ್ಲಿ ಸುತ್ತಿ ಕಾಲ ಬಳಿ ಇಟ್ಟುಕೊಂಡಿದ್ದಳು. ಅದು ಬೇಕಾಗಲಿಲ್ಲ. ಅವನು ವೇದಿಕೆಯಿಂದ ಇಳಿದು, ನಡುವಿನ ದಾರಿಯಲ್ಲಿ ನಡೆದು ಬಂದು, ಅವಳೆದುರು ನಿಂತ. ಇಡೀ ಸಭೆ ಕತ್ತು ತಿರುಗಿಸಿತು.

"ಫಿಲಂ ಇಟ್ಟಿದ್ದು ನಾನು," ಎಂದ. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದ.

ಹತ್ತೊಂಬತ್ತು ವರ್ಷ ಕಾದ ಮೂರು ಮಾತು. ಅವಳಿಗೆ ಮೈ ಹಗುರಾಗಿ, ಕಾಲು ನೆಲದ ಮೇಲಿಲ್ಲವೇನೋ ಅನ್ನಿಸಿತು. ಗೆದ್ದೆ, ಗೆದ್ದೆ ಎಂದು ಒಳಗೇ ಹೇಳಿಕೊಂಡಳು. ಅಷ್ಟಕ್ಕೇ ಎದ್ದು ಮನೆಗೆ ಬಂದುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಅಷ್ಟು ವರ್ಷದ ವಿಷ ಮೂರು ಮಾತಿಗೆ ಇಳಿಯುತ್ತದೆಯೇ. ಇನ್ನೊಂದು ಪೆಟ್ಟು ಕೊಡದೆ ಬಿಡಬಾರದು ಅನ್ನಿಸಿತು.

"ಇದನ್ನ ಅಪ್ಪನ ಹತ್ರ ಹೇಳ್ಬೇಕಿತ್ತು ನೀನು," ಅಂದಳು. "ಅವರು ಸುಳ್ಳು ನಂಬ್ಕೊಂಡು ಸತ್ರು."

ಅಣ್ಣ ಅವಳ ಮುಖವನ್ನೇ ನೋಡಿದ. ಈಗ ದನಿ ತಗ್ಗಿತ್ತು, ಅದು ಅವಳಿಗೊಬ್ಬಳಿಗೇ.

"ಹೇಳಿದ್ದೆ ಪುಟ್ಟಿ. ಅವರು ಆಸ್ಪತ್ರೆಯಿಂದ ಬಂದ ಮಾರನೇ ದಿನ ಬೆಳಿಗ್ಗೆಯೇ ಹೇಳ್ದೆ. ಕಾಲು ಹಿಡ್ಕೊಂಡು ಅತ್ತೆ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಏನಂದರು ಎಂದು ಕೇಳಿದಳು.

"ಸುಮ್ನಿರು ಅಂದ್ರು. ಅವಳು ಇವತ್ತಲ್ಲ ನಾಳೆ ಬೇರೆ ಮನೆಗೆ ಹೋಗೋಳು, ಕೆಟ್ಟ ಹೆಸರು ಅವಳ ಜೊತೆ ಹೊರಟುಹೋಗುತ್ತೆ. ನಿನ್ನ ಹೆಸರು ಕೆಟ್ರೆ ಅಂಗಡಿ ಮುಳುಗುತ್ತೆ ಅಂದ್ರು. ನಾನು ಆ ಮಾತು ಹಿಡ್ಕೊಂಡೆ. ನಂಗೂ ಅದೇ ಬೇಕಾಗಿತ್ತು."

ಮಾರನೇ ದಿನ ಬೆಳಿಗ್ಗೆ. ಅವಳನ್ನು ಕರೆದು ಕಣ್ಣು ಸಾಲದು ಎಂದದ್ದು ಆ ದಿನವೇ ಸಂಜೆ. ಗೊತ್ತಿದ್ದೂ ಅಂದಿದ್ದರು. ಗೊತ್ತಿದ್ದೂ ಐದು ತಿಂಗಳು ಅವಳ ಕೈಯಿಂದ ಗಂಜಿ ಕುಡಿದಿದ್ದರು. ಮಡಿಲಲ್ಲಿದ್ದ ಚೀಲದಿಂದ ಅಪ್ಪನ ಮುಖ ಅವಳನ್ನೇ ನೋಡುತ್ತಿತ್ತು, ಕಣ್ಣಂಚಿನ ಸುಕ್ಕು ಸಮೇತ. ಅವಳೇ ಮೂಡಿಸಿದ್ದು. ಜಗತ್ತಿನ ಎಲ್ಲವನ್ನೂ ಮೂರು ಸಲ ತಿರುವಿ ನೋಡಿದವಳು ಇದೊಂದನ್ನು ತಿರುವಿ ನೋಡಿರಲಿಲ್ಲ.

ಅಣ್ಣ ಇನ್ನೂ ಏನೋ ಹೇಳುತ್ತಿದ್ದ, ಕ್ಷಮಿಸು ಎಂದೇ ಇರಬೇಕು. ಬಣ್ಣದ ಅಜ್ಜ ಬಂದು ಅವಳ ತಲೆ ಸವರಿದ, ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮೊನ್ನೆಯವರೆಗೆ ಇಂಥದೊಂದು ಚಪ್ಪಾಳೆಗಾಗಿ ಅವಳು ಬೆಂಕಿಯ ಮೇಲೂ ನಡೆಯುತ್ತಿದ್ದಳು. ಈಗ ಎದ್ದು, ಕಾಲ ಬಳಿಯಿದ್ದ ಫ್ರೇಮನ್ನು ಅಣ್ಣನ ಕೈಗೆ ಕೊಟ್ಟು, ಬಿಸಿಲಿನಲ್ಲಿ ನಡೆದುಕೊಂಡೇ ಶೆಡ್ಡಿಗೆ ಬಂದಳು.

ಸೀರೆ ಬದಲಿಸಲೂ ಇಲ್ಲ. ಅಪ್ಪನ ಮುಖವಿದ್ದ ಏಳನೆಯ ಫ್ರೇಮನ್ನು ತೊಟ್ಟಿಗೆ ಎಸೆದು, ತೊಳೆಯುವ ರಾಸಾಯನಿಕ ಸುರಿದು, ಬ್ರಶ್ಶಿನಿಂದ ಉಜ್ಜತೊಡಗಿದಳು. ಹಸಿರು ಪದರ ಕರಗಿ ಕಾಲುವೆಗೆ ಹರಿಯಿತು. ನೀರು ಹೊಡೆದಳು, ಮತ್ತೆ ಉಜ್ಜಿದಳು. ಎತ್ತಿ ಕಿಟಕಿಗೆ ಹಿಡಿದರೆ ಅಪ್ಪ ಅಲ್ಲೇ ಇದ್ದರು. ಬೂದಿ ಬಣ್ಣದಲ್ಲಿ, ಮೀಸೆ, ಕೆನ್ನೆ, ಕಣ್ಣು ಎಲ್ಲ. ನೆರಳು ತೆಗೆಯುವ ಕ್ಷಾರದ ದ್ರಾವಣ ಬೇರೆ ಇದೆ, ಕಪಾಟಿನಲ್ಲಿ ಡಬ್ಬವೂ ಇತ್ತು. ಡಬ್ಬದ ಮೇಲೆ ಕೈ ಇಟ್ಟವಳು ಹಾಗೇ ಹಿಂದೆ ತೆಗೆದಳು. ಬೇಡ, ಇರಲಿ, ಇಲ್ಲೇ ಇದ್ದು ನೋಡಲಿ ಅಂದುಕೊಂಡಳು.

ಮರುದಿನ ನಗರಸಭೆಯ ಕೆಲಸವಿತ್ತು, ಐನೂರು ಗೋಣಿಚೀಲಕ್ಕೆ ಕಸ ಎಂದು ದೊಡ್ಡದಾಗಿ ಹಾಕಿಕೊಡಬೇಕಿತ್ತು. ಶೆಡ್ಡಿನಲ್ಲಿ ಬೇರೆ ಹನ್ನೆರಡು ಫ್ರೇಮುಗಳಿದ್ದವು. ಅವಳು ಏಳನೆಯದನ್ನೇ ಇಳಿಸಿ, ಅಪ್ಪನ ಮುಖದ ಮೇಲೆ ಹಸಿರು ದ್ರಾವಣ ಸವರಿ, ಕತ್ತಲೆ ಗೂಡಿನಲ್ಲಿ ಒಣಗಿಸಿ, ಫಿಲಂ ಇಟ್ಟು ಬೆಳಕು ಬಿಟ್ಟಳು. ತೊಳೆದಾಗ ಅಪ್ಪನ ಹಣೆಯಿಂದ ಗದ್ದದವರೆಗೆ ಅಕ್ಷರಗಳು ತೆರೆದುಕೊಂಡವು. ಫ್ರೇಮನ್ನು ಮೇಜಿಗೆ ಬಿಗಿದು, ಅದರೊಳಗೆ ಬಗ್ಗಿ ನೋಡಿ, ನೆರೆಹೊರೆಯವರಿಗೆ ಕೇಳದಷ್ಟು ಮೆಲ್ಲಗೆ ಮಾತಾಡಿದಳು.

"ನಿಮಗೆ ಗೊತ್ತಿತ್ತು."

ಆಮೇಲೆ ಬಣ್ಣ ಸುರಿದು, ಸ್ಕ್ವೀಜಿ ಹಿಡಿದು, ಒಂದೇ ಸಮನೆ ಎಳೆದಳು. ಮೊದಲ ಚೀಲವನ್ನು ಎತ್ತಿ ಮುಂದೆ ನೋಡಿದಳು, ಹಿಂದೆ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಸರಿಯಾಗಿತ್ತು. ಎರಡನೆಯದನ್ನು ಫ್ರೇಮಿನಡಿಗೆ ಹಾಸಿದಳು.